ಹತ್ತು ನಿಮಿಷದ ಟೀಚರ್

ಎಂಟನೇ ತರಗತಿಗೆ ವಿಜ್ಞಾನ ಹೇಳುವ ಈ ಹೆಂಗಸಿಗೆ ಮಕ್ಕಳು ಇಟ್ಟ ಹೆಸರು ಹತ್ತು ನಿಮಿಷದ ಟೀಚರ್. ಮೊದಲು ಹಾಗಿರಲಿಲ್ಲ. ಹನ್ನೊಂದು ವರ್ಷ ನಲವತ್ತು ನಿಮಿಷವೂ ಬಿಡದೆ ಮಾತಾಡಿ, ಗಂಟಲು ಕಟ್ಟಿಸಿಕೊಂಡು, ಪಾಠ ಮುಗಿಯಿತೆಂದು ಬೀಗುತ್ತಿದ್ದವಳೇ. ಅವಳ ಕಣ್ಣು ತೆರೆಸಿದ್ದು ಕಿವಿ ಮಂದವಾದ ಅತ್ತೆ. ಹಾಲು ಉಕ್ಕಿದರೆ ಒಲೆ ಆರಿಸಿ ಎಂದು ಅವರಿಗೆ ಹೇಳಿ ಸ್ನಾನಕ್ಕೆ ಹೋಗಿದ್ದಳು. ಬಂದು ನೋಡಿದರೆ ಪಾತ್ರೆಯ ತಳ ಕರಿ ಹಿಡಿದಿತ್ತು.

"ನೀನು ಏನೋ ಹೇಳ್ದೆ, ನಾನು ಹೂಂ ಅಂದೆ," ಎಂದರು ಅತ್ತೆ. "ನಿಂಗೆ ಬೇಜಾರಾಗಬಾರ್ದು ಅಂತ."

ಅವಳಿಗೆ ತನ್ನ ತರಗತಿಯಲ್ಲಿ ಹೂಂ ಎನ್ನುವಂತೆ ಆಡುವ ನಲವತ್ತು ತಲೆಗಳು ಕಣ್ಣಮುಂದೆ ಬಂದವು. ಮರುದಿನ ಪಾಠ ಮುಗಿಸಿ, ಹೇಳಿದ್ದನ್ನು ತಿರುಗಿ ಹೇಳಿ ಎಂದಳು. ಹೇಳಿದವರು ಇಬ್ಬರು. ಇಷ್ಟು ವರ್ಷ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆನಲ್ಲ ಎಂದು ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು.

ಅಂದಿನಿಂದ ಹತ್ತೇ ನಿಮಿಷ ಪಾಠ. ಆಮೇಲೆ ಚಾಕ್‌ಪೀಸ್ ಮೇಜಿನ ಮೇಲೆ. ಅದನ್ನು ಇಟ್ಟ ಕೂಡಲೇ ಮಕ್ಕಳು ಪಕ್ಕದವರ ಕಡೆ ತಿರುಗಬೇಕು. ಒಬ್ಬರು ತಮಗೆ ತಿಳಿದದ್ದನ್ನು ಹೇಳಬೇಕು, ಇನ್ನೊಬ್ಬರು ಬಾಯಿಗೆ ಬೀಗ ಹಾಕಿಕೊಂಡು ಕೇಳಬೇಕು. ಕೊನೆಗೆ ಕೇಳಿದವರೇ ಎದ್ದು ಪಕ್ಕದವರ ಮಾತನ್ನು ತಿಳಿಸಬೇಕು. ತಮ್ಮದೊಂದು ಒಗ್ಗರಣೆ ಸೇರಿಸುವಂತಿಲ್ಲ. ಪಾಠ ನಿಧಾನವಾಯಿತು. ಗದ್ದಲವೆಂದು ಪಕ್ಕದ ಕೋಣೆಯ ಮೇಷ್ಟ್ರು ದೂರು ಕೊಟ್ಟರು. ಶಾಲೆಗಳ ತಪಾಸಣೆ ಮಾಡುವ ಸಾಹೇಬರು ಖುದ್ದಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಅವರಿಗೆ ಸರಿಕಾಣದಿದ್ದರೆ ಎಂಟನೇ ತರಗತಿ ಕೈತಪ್ಪುವುದೆಂದು ಹೆಡ್‌ಮಾಸ್ಟರು ಮೊದಲೇ ಎಚ್ಚರಿಸಿದ್ದರು.

ಒದ್ದೆ ಬಟ್ಟೆ ಹೇಗೆ ಒಣಗುತ್ತದೆ ಎಂಬ ಪಾಠ. ಹತ್ತನೇ ನಿಮಿಷಕ್ಕೆ ಚಾಕ್‌ಪೀಸ್ ಮೇಜಿಗಿಳಿಯಿತು, ಕೋಣೆ ಗಿಜಿಗುಟ್ಟಿತು. ಸಾಹೇಬರಿಗೆ ತಡೆಯಲಾಗಲಿಲ್ಲ. ಮುಂದೆ ಬಂದು, ಅದೇ ಚಾಕ್‌ಪೀಸಿನಿಂದ ಬೋರ್ಡಿನ ಮೇಲೆ 'ಶಿಸ್ತು' ಎಂದು ಬರೆದು, ಇಪ್ಪತ್ತು ನಿಮಿಷ ಉಪದೇಶ ಮಾಡಿದರು. ನಲವತ್ತು ತಲೆಗಳೂ ಚೆನ್ನಾಗಿಯೇ ಆಡಿದವು. ಸಾಹೇಬರು ತೃಪ್ತಿಯಿಂದ ಚಾಕ್‌ಪೀಸನ್ನು ಮೇಜಿನ ಮೇಲಿಟ್ಟರು.

ಇಡೀ ತರಗತಿ ಪಕ್ಕಕ್ಕೆ ತಿರುಗಿ ಮಾತಿಗಿಳಿಯಿತು. ತುಸು ಹೊತ್ತಿನಲ್ಲಿ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು.

"ಸಾರ್, ನೀವು ದೊಡ್ಡವರ ಮಾತಿಗೆ ಮಧ್ಯೆ ಬಾಯಿ ಹಾಕಬಾರ್ದು ಅಂತ ಹೇಳಿದ್ರಂತೆ. ಆಮೇಲಿಂದು ಇವಳಿಗೆ ನೆನಪಿಲ್ವಂತೆ."

ಉಳಿದವರ ಕಥೆಯೂ ಅಷ್ಟೇ. ಸಾಹೇಬರ ಮುಖ ಗಂಟಾಯಿತು. ಇದನ್ನೆಲ್ಲ ನಿಲ್ಲಿಸುತ್ತೀರೋ ಇಲ್ಲವೋ ಎಂದು ಟೀಚರನ್ನು ಕೇಳಿದರು. ಈ ತರಗತಿಯೆಂದರೆ ಅವಳಿಗೆ ಪ್ರಾಣ. ಆದರೂ ಕಡ್ಡಿ ಮುರಿದಂತೆ ಹೇಳಿದಳು.

"ನಿಲ್ಲಿಸಲ್ಲ ಸಾರ್. ಬೇಕಾದ್ರೆ ಈ ತರಗತಿ ತಗೊಳ್ಳಿ. ಯಾವ ತರಗತಿ ಕೊಟ್ರೂ ನಂದು ಹತ್ತೇ ನಿಮಿಷ. ಬರ್ಕೊಳ್ಳಿ."

ಸಾಹೇಬರು ನಿಜವಾಗಿಯೂ ಬರೆದುಕೊಳ್ಳತೊಡಗಿದರು. ಗಂಟೆ ಹೊಡೆಯಲು ಇನ್ನೂ ಕೆಲವು ನಿಮಿಷಗಳಿದ್ದವು. ಅವಳು ಬೋರ್ಡು ಒರೆಸಿ ಮಕ್ಕಳ ಕಡೆ ತಿರುಗಿದಳು. ಬಟ್ಟೆಯಲ್ಲಿದ್ದ ನೀರು ಎಲ್ಲಿ ಹೋಯಿತು ಎಂದು ಕೇಳಿ, ಬಾಯಿ ಮುಚ್ಚಿಕೊಂಡು ನಿಂತಳು.