ಬೀದರಿನ ಅಜ್ಜಿಯ ಪೊಟ್ಟಣಕ್ಕೆ ಲೇಬಲ್

‘ಬೀದರಿನ ಅಜ್ಜಿ. ಹಲ್ಲಿಲ್ಲ. ನುಣ್ಣಗೆ.’

ಪ್ಲಾಸ್ಟಿಕ್ ಪೊಟ್ಟಣದ ಮೇಲೆ ನೀಲಿ ಇಂಕಿನಲ್ಲಿ ಇಷ್ಟೇ ಬರೆದಿತ್ತು. ಒಳಗಿದ್ದದ್ದು ಶೇಂಗಾ ಚಟ್ನಿಪುಡಿ. ಮಾಡಿದವರು ಕಾಶಿಯ ಬಂಗಾಲಿ ಟೋಲಾ ಗಲ್ಲಿಯ ಗಿರಿಜಕ್ಕ, ಮೂಲ ಕಲಬುರಗಿ ಕಡೆಯವರು. ಇಲ್ಲಿಗೆ ಬಂದ ನಮ್ಮ ಕಡೆಯ ಯಾತ್ರಿಕರು ಲಾಡ್ಜ್ ಕೌಂಟರಿನಲ್ಲಿ ಹೇಳಿಹೋದರೆ, ಮಾರನೆಯ ದಿನ ಅವರವರ ನಾಲಿಗೆಗೆ ತಕ್ಕ ಪುಡಿ ಅಲ್ಲೇ ರೆಡಿ. ಒಬ್ಬರಿಗೆ ಬೆಳ್ಳುಳ್ಳಿ ಬೇಡ. ಇನ್ನೊಬ್ಬರಿಗೆ ಬಿ.ಪಿ., ಉಪ್ಪು ಕಮ್ಮಿ.

ಕಳೆದ ವಾರ ಆಹಾರ ಇಲಾಖೆಯ ಅಧಿಕಾರಿ ಬಂದು ಪೊಟ್ಟಣ ತಿರುಗಿಸಿ ನೋಡಿ, ಕನ್ನಡದಲ್ಲಿ ಬರೆದದ್ದರ ಅರ್ಥ ಕೇಳಿಕೊಂಡರು. ‘ಮಾತಾಜೀ, ತಿನ್ನುವವರು ಯಾರು ಅಂತ ಇದೆ. ಒಳಗೇನಿದೆ ಅಂತ ಎಲ್ಲಿದೆ?’

ಸೋಮವಾರದೊಳಗೆ ಲೇಬಲ್ ಬೇಕು. ಇಲ್ಲದಿದ್ದರೆ ಕೌಂಟರಿನಿಂದ ತೆಗೆಯಬೇಕು. ಆ ಜಾಗಕ್ಕೆ ದೊಡ್ಡ ಕಂಪನಿಯೊಂದರ ಪುಡಿ ಆಗಲೇ ಕಾದಿತ್ತು. ಗಿರಿಜಕ್ಕನಿಗೆ ಇರುವ ಅಂಗಡಿ ಆ ಕೌಂಟರ್ ಒಂದೇ.

ಭಾನುವಾರ ಸಂಜೆ ನನ್ನ ರೂಮಿಗೆ ಬಂದರು. ‘ಪಿಎಚ್‌ಡಿ ಮಾಡಾಕಿ ನೀ. ಬರಿ.’

‘ಒಂದು ಅಳತೆ ಹೇಳಿ ಅಕ್ಕ.’

‘ಯಾರ ಅಳತಿ? ಎಲ್ಲಾರ ಬಾಯಿ ಒಂದ ಐತೇನವ್ವಾ?’

ಅಧಿಕಾರಿಯ ಮೇಲೆ ನನಗೆ ಸಿಟ್ಟಿಲ್ಲ. (ಹಿಂಬದಿ ಓದದೆ ಬಿಸ್ಕೆಟ್ ಕೊಳ್ಳುವವಳಲ್ಲ ನಾನು.) ಶೇಂಗಾ ಆಗದವರಿಗೆ ಆ ಲೇಬಲ್ ಜೀವ ಉಳಿಸುತ್ತದೆ. ಆದರೆ ದೊಡ್ಡ ಕಂಪನಿಗೆ ಎಲ್ಲ ಬಾಯಿಯೂ ಒಂದೇ. ಒಮ್ಮೆ ಬರೆಸಿದರೆ ಲಕ್ಷ ಪೊಟ್ಟಣಕ್ಕೆ ಸಾಕು, ಬರೆಯುವುದಕ್ಕೇ ಜನ ಇದ್ದಾರೆ. ಗಿರಿಜಕ್ಕನಿಗೆ ಪೊಟ್ಟಣಕ್ಕೊಂದು ಲೇಬಲ್, ಬರೆಯಲು ನಾನೊಬ್ಬಳು. ನಿಯಮ ಇಬ್ಬರಿಗೂ ಒಂದೇ, ಸರಿ. ಅದನ್ನು ಮಾಡಿದವರ ಕಣ್ಣ ಮುಂದೆ ಯಾರ ಅಡುಗೆಮನೆ ಇತ್ತು?

ಕೊನೆಗೆ ಮೂರು ಬಗೆಗೆ ಒಪ್ಪಿದರು: ಖಾರದ್ದು, ಸಪ್ಪೆಯದು, ಬೆಳ್ಳುಳ್ಳಿ ಇಲ್ಲದ್ದು.

‘ಮತ್ತ ನುಣ್ಣಂದು?’

‘ನುಣ್ಣಗೆ ಮಾಡಿದರೆ ಪದಾರ್ಥ ಬದಲಾಗುವುದಿಲ್ಲ. ಅದೇ ಲೇಬಲ್ ಸಾಕು.’

‘ಹಂಗಾರ ಅಜ್ಜಿ ಪಾರಾದ್ಲು!’ ಅಂದು ಮೊದಲ ಸಲ ನಕ್ಕರು.

ಪ್ರಿಂಟಿಂಗ್ ಅಂಗಡಿಯವನು ನಗಲಿಲ್ಲ. ‘ದೀದಿ, ಸಾವಿರಕ್ಕಿಂತ ಕಮ್ಮಿಗೆ ಮಷೀನ್ ಹಾಕಲ್ಲ.’ ನಮಗೆ ಬೇಕಿದ್ದದ್ದು ಮೂರೂ ಬಗೆ ಸೇರಿ ನಲವತ್ತು. ಇವನ ಮಷೀನೂ ದೊಡ್ಡವರಿಗೇ!

ಮರುದಿನ ಬೆಳಿಗ್ಗೆ ಯಾರೂ ಬರುವ ಮುಂಚೆ ಡಿಪಾರ್ಟ್‌ಮೆಂಟಿಗೆ ಹೋದೆ. ಪ್ರಿಂಟರ್ ಮೇಲೆ ‘ಸ್ವಂತ ಕೆಲಸಕ್ಕೆ ಬಳಸುವಂತಿಲ್ಲ’ ಎಂಬ ಚೀಟಿಯಿದೆ. ಅದನ್ನು ಪೂರ್ತಿ ಓದಿ, ನಲವತ್ತು ಕಾಪಿ ಒತ್ತಿದೆ.