ದೇವಮ್ಮನ ಕಾಯಿಲೆಗೂ ಒಂದು ನಂಬರ್

ಇವತ್ತಿನದನ್ನು ಇವತ್ತೇ ಹೇಳಿಬಿಡುತ್ತೇನೆ ಮಾರಾಯ್ರೇ, ನಾಳೆಗೆ ನಾನೇ ನಂಬಲಿಕ್ಕಿಲ್ಲ.

ಸಿದ್ದಾಪುರದ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ದೇವಮ್ಮನಿಗೆ ಸುತ್ತ ಯಾರೂ ಇಲ್ಲದಾಗಲೂ ಮಾತು ಕೇಳಿಸುತ್ತದೆ. ಅವಳನ್ನು ದೊಡ್ಡಾಸ್ಪತ್ರೆಗೆ ಕಳಿಸುವ ಚೀಟಿಯಲ್ಲಿ ‘ಸ್ಕಿಜೋಫ್ರೇನಿಯಾ’ ಎಂದು ಬರೆದೆ. ಪ್ರತಿ ಕಾಯಿಲೆಗೂ ಒಂದೊಂದು ನಂಬರ್ ಕೊಟ್ಟಿರುವ ಹೊಸ ಪಟ್ಟಿಯೊಂದು ಈ 1952ರಲ್ಲಿ ನಮ್ಮ ಪುಟಾಣಿ ಕೊಡಗು ರಾಜ್ಯಕ್ಕೂ ಈಗಷ್ಟೇ ತಲುಪಿದೆ; ಅದನ್ನು ನೋಡಿ, ಪಕ್ಕದಲ್ಲಿ 300 ಎಂದು ಕಾಯಿಲೆಯ ನಂಬರ್ ಹಾಕಿದೆ.

ಅವಳ ಅಣ್ಣ ಮೇಜು ಗುದ್ದಿದ. “ಅದನ್ನ ಹೊಡ್ದಾಕಿ ಡಾಕ್ಟ್ರೇ! ನರ ನಿಶ್ಶಕ್ತಿ ಅಂತ ಬರೀರಿ. ಲೈನ್ ಮನೆ ಆಳುಗಳಿಗೆಲ್ಲ ಗೊತ್ತಾದ್ರೆ ಇವಳ ಮಗಳನ್ನ ಯಾರು ಕಟ್ಕೋತಾರೆ?”

ನಾನೂ ರೇಗಿದೆ. “ಸುಳ್ಳು ಬರೆದ್ರೆ ಅಲ್ಲಿ ಟಾನಿಕ್ ಕೊಟ್ಟು ವಾಪಸ್ ಕಳಿಸ್ತಾರಯ್ಯಾ! ಈ ನಂಬರ್ ಲೋಕಕ್ಕೆಲ್ಲ ಒಂದೇ. ಲಂಡನ್ ಡಾಕ್ಟರಿಗೂ ಅರ್ಥ ಆಗುತ್ತೆ.”

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ದೇವಮ್ಮ ತಲೆಯೆತ್ತಿದಳು.

“ಕಾಯಿಲೆಗೂ ನಂಬರಾ ಸ್ವಾಮಿ? ನಮ್ ಎಸ್ಟೇಟಿನ ಲೆಕ್ಕ ಬರೆಯೋ ರೈಟರು ಆಳನ್ನ ಕಣ್ಣಾರೆ ನೋಡ್ದೆ ಹಾಜರಿ ಚೆಕ್‌ರೋಲಲ್ಲಿ ನಂಬರ್ ಕೊಡಲ್ಲ. ಹಂಗಾದ್ರೆ ನನ್ನಂಗೇ ಮಾತು ಕೇಳಿಸ್ಕೊಳ್ಳೋರ್ನ ಯಾರೋ ಎಲ್ಲೋ ಕಣ್ಣಾರೆ ನೋಡವ್ರೆ. ಪ್ರಪಂಚದಾಗೆ ನಾನೊಬ್ಳೇ ಅಲ್ಲ!”

ಅಣ್ಣನ ಕೈ ಮೇಜಿನಿಂದ ಕೆಳಗಿಳಿಯಿತು. ಅಷ್ಟು ವರ್ಷ ಓದಿದ ನಾನು ಆ ಪಟ್ಟಿಯಲ್ಲಿ ಕಾಯಿಲೆಗಳನ್ನು ಕಂಡಿದ್ದೆ, ಜನರನ್ನು ಕಂಡಿರಲಿಲ್ಲ.

“ಅಳಿಸ್ಬೇಡಿ,” ಎಂದಳು ದೇವಮ್ಮ. “ದಪ್ಪಗೆ ಬರೀರಿ, ಎಲ್ರಿಗೂ ಕಾಣಂಗೆ.”

ಬರೆದೆ. ಮೊದಲ ಸಲ ನನ್ನ ಅಕ್ಷರ ಓದಲು ಆಗುತ್ತಿದೆಯೆಂದು ನಮ್ಮ ಕಾಂಪೌಂಡರು ಆಗಿನಿಂದ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದಾರೆ.