ಮುಲುಂಡಿನ ಮೆಡಿಕಲ್ ಕಾಕಾ

ಹೋದ ವಾರ ಮುಂಬೈಯ ಮಲಾಡ್ ಸ್ಟೇಷನ್ ಹತ್ತಿರದ ಔಷಧಿ ಅಂಗಡಿಯಲ್ಲಿ ಯಾರದೋ ಕೈಯಿಂದ ಬಾಟಲಿ ಜಾರಿ ಬಿದ್ದು ಒಡೆಯಿತು. ಗುಲಾಬಿ ಬಣ್ಣದ ಗಟ್ಟಿ ಔಷಧಿ ನೆಲದ ತುಂಬ ಹರಡಿತು. ಪುದೀನ ಮತ್ತು ಸುಣ್ಣ ಕಲಸಿದಂಥ ಆ ಸಿಹಿ ವಾಸನೆ ಮೂಗಿಗೆ ಹೊಡೆದದ್ದೇ ತಡ, ನನ್ನ ಬಾಯಿಂದ "ಥೂ, ಹಾಳಾದವನೇ" ಅಂತ ಬಂದುಬಿಟ್ಟಿತು. ಬಾಟಲಿ ಬೀಳಿಸಿದ ಗಂಡಸು ಮುಖ ಕೆಂಪಗೆ ಮಾಡಿಕೊಂಡ. ಅಂದದ್ದು ಅವನಿಗಲ್ಲ... ಇಪ್ಪತ್ತು ವರ್ಷದ ಹಿಂದೆ ಮುಲುಂಡಿನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಅಂಗಡಿ ಇಟ್ಟಿದ್ದ ಮೆಡಿಕಲ್ ಕಾಕಾನಿಗೆ.

ಬೆಳಗಾವಿ ಕಡೆಯವನು. ಅದೇ ಅವನ ದೊಡ್ಡ ಬಂಡವಾಳ. ನಮ್ಮ ಕಡೆಯ ಹೆಂಗಸರಿಗೆ ಹಿಂದಿಯಲ್ಲಿ ತರಕಾರಿ ಕೊಳ್ಳಲು ಬರುತ್ತಿತ್ತೇ ಹೊರತು ಹೊಟ್ಟೆನೋವು ಹೇಳಿಕೊಳ್ಳಲು ಬರುತ್ತಿರಲಿಲ್ಲ. ಕಾಕಾನ ಕೌಂಟರಿನ ಮುಂದೆ ನಿಂತರೆ ಸಾಕು, "ಏನಾಗೇತ್ರಿ ಅಕ್ಕಾರ?" ಅನ್ನುತ್ತ ಕತ್ತರಿಯಿಂದ ನಾಲ್ಕು ಗುಳಿಗೆ ಕತ್ತರಿಸಿ ಪೊಟ್ಟಣ ಕಟ್ಟುತ್ತಿದ್ದ. ಓದಿದ್ದು ಎಷ್ಟೋ, ಗೋಡೆಯ ಮೇಲಿನ ಸರ್ಟಿಫಿಕೇಟು ಯಾರದೋ, ದೇವರಿಗೇ ಗೊತ್ತು. ಮಾತು ಮಾತ್ರ ಬೆಣ್ಣೆಯೊಳಗಿನ ಕೂದಲು ತೆಗೆದಷ್ಟು ನಯ. ನಮ್ಮವ, ನಮ್ಮವ ಅಂತ ಇಡೀ ಬಿಲ್ಡಿಂಗು ಅವನನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಚಪಾತಿ-ಪಲ್ಯ ಮಾರುವ ಹತ್ತಿರದ ಪೋಳಿ-ಭಾಜಿ ಅಂಗಡಿಗೆ ಕೊಡುತ್ತಿದ್ದಳು. ದಿನವಿಡೀ ನೆಲದ ಮೇಲೆ ಕೂತು ಮೊಣಕಾಲು ಹಿಡಿದಿದ್ದವು. ಕಾಕಾ ನೋವಿನ ಗುಳಿಗೆ ಕೊಟ್ಟ. ಅವ್ವ ಅದನ್ನು ಬರಿಹೊಟ್ಟೆಯಲ್ಲೇ ನುಂಗುತ್ತಿದ್ದಳು, ಬೇಡ ಅಂತ ಅವನೂ ಹೇಳಲಿಲ್ಲ. ಆಮೇಲೆ ಎದೆಗೂಡಿನ ಕೆಳಗೆ ಉರಿ ಶುರುವಾಯಿತು. ಉಂಡರೆ ತುಸು ತಣ್ಣಗೆ, ಎರಡು ತಾಸಿಗೆ ಮತ್ತೆ ಬೆಂಕಿ. ಆಗ ಆ ಗುಲಾಬಿ ಔಷಧಿ ಕೊಟ್ಟ. ಖಾರ ಬಿಡಿಸಿದ, ಮಜ್ಜಿಗೆ ಕುಡಿಯಲು ಹೇಳಿದ. ತೇಗು, ವಾಕರಿಕೆ, ಎರಡು ತುತ್ತಿಗೇ ಹೊಟ್ಟೆ ತುಂಬುವುದು... ಅವ್ವ ಬಿಳಿಚಿಕೊಂಡು, ಮೈ ಇಳಿದು ಕುಪ್ಪಸ ಜೋಲಾಡತೊಡಗಿದಾಗ ರಕ್ತ ಕಡಿಮೆಯಾಗಿದೆ ಅಂತ ಕಬ್ಬಿಣದ ಗುಳಿಗೆಯನ್ನೂ ಕೊಟ್ಟ. ರಕ್ತ ಎಲ್ಲಿಗೆ ಹೋಗುತ್ತಿದೆ ಅಂತ ಯೋಚಿಸಲಿಲ್ಲ, ಮುಠ್ಠಾಳ!

ನನಗಾಗ ಹತ್ತೊಂಬತ್ತು. ಹಟ ಹಿಡಿದು ಅವ್ವನನ್ನು ಸ್ಟೇಷನ್ ಪಕ್ಕದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹಿಂದಿಯಲ್ಲಿ ಕೇಳಿದರು, ನಾನು ನಡುವೆ ಕೂತು ಅವ್ವನ ಪರವಾಗಿ ಹೇಳಿದೆ. ಎರಡೇ ನಿಮಿಷ. ಆಸಿಡಿಟಿ ಅಂದರು, ಗುಳಿಗೆ ಬರೆದರು, ಮುಗಿಯಿತು. ವಾರವಾದರೂ ಉರಿ ಇಳಿಯಲಿಲ್ಲ. ಅವ್ವ ಮತ್ತೆ ಕಾಕಾನ ಅಂಗಡಿಗೇ ಹೋದಳು. ಬಂದವಳ ಮುಖ ಹಗುರಾಗಿತ್ತು.

"ಸಂಡಾಸ ಡಾಂಬರಿನಂಗ ಕರ್ರಗ ಆಗಾಕತ್ತೈತಿ ಅಂತ ಅಂಗಡಿ ಅಣ್ಣಾಗ ಕೇಳಿದ್ನಿ. ಕಬ್ಬಿಣದ ಗುಳಗೀಲಿಂದ ಹಂಗ ಆಗ್ತೈತಿ, ಅಂಜಬ್ಯಾಡ್ರಿ ಅಂದಾನ" ಅಂದಳು.

ಹತ್ತೇ ದಿನ. ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದವಳು ಕಾಫಿಪುಡಿ ಕಲಸಿದಂಥ ವಾಂತಿ ಮಾಡಿಕೊಂಡು ಹಿಟ್ಟಿನ ಪರಾತದ ಮೇಲೆ ಬಿದ್ದಳು. ಆಸ್ಪತ್ರೆಯಲ್ಲಿ ರಕ್ತ ಏರಿಸಿದರು, ಗಂಟಲಿನಿಂದ ದುರ್ಬೀನು ಇಳಿಸಿ ನೋಡಿದರು. ಹೊಟ್ಟೆಯಲ್ಲಿ ಹುಣ್ಣಾಗಿತ್ತು, ಅದರೊಳಗಿಂದ ರಕ್ತ. ಒಂದು ಜಾತಿಯ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಅಲ್ಲಿ ಬೀಡುಬಿಟ್ಟಿತ್ತಂತೆ, ಅದರ ಮೇಲೆ ಈ ನೋವಿನ ಗುಳಿಗೆ ಬೇರೆ. ಖಾರದ ತಪ್ಪಲ್ಲ, ಎರಡು ವಾರದ ಔಷಧಿಯಿಂದ ಹೋಗುವಂಥದ್ದು ಅಂದರು ಅಲ್ಲಿಯ ಲೇಡಿ ಡಾಕ್ಟರು. ಕಪ್ಪು ಮಲ ಕಂಡ ದಿನವೇ ಕರೆತಂದಿದ್ದರೆ... ಅಂತ ಅರ್ಧಕ್ಕೆ ನಿಲ್ಲಿಸಿದರು. ಮೂರನೆಯ ದಿನ ಮತ್ತೆ ರಕ್ತ ಹರಿಯಿತು. ಅವ್ವ ಉಳಿಯಲಿಲ್ಲ.

ಹದಿಮೂರನೆಯ ದಿನದ ಊಟ ಮುಗಿದ ಮರುದಿನ ಬೆಳಿಗ್ಗೆ ಅವನ ಕೌಂಟರಿನ ಮುಂದೆ ನಿಂತೆ. ಗಿರಾಕಿಗಳು ತುಂಬಿದ್ದರು. ತುಂಬಿರಲಿ ಅಂತಲೇ ಆ ಹೊತ್ತಿಗೆ ಹೋಗಿದ್ದೆ.

"ನಮ್ಮವ್ವನ್ನ ನೀನ ಕೊಂದಿ! ಡಾಕ್ಟರ್ ಅಲ್ಲ, ಏನಲ್ಲ, ಕಂಡಕಂಡವರಿಗೆ ಗುಳಗಿ ಹಂಚತೀ. ನಿನ್ನ ಬಾಯಾಗ ಮಣ್ಣ ಬೀಳಲಿ!"

ಅವನು ಕತ್ತರಿ ಕೆಳಗಿಟ್ಟ. ನನಗಷ್ಟೇ ಕೇಳುವಂತೆ ಹೇಳಿದ: "ತಂಗಿ, ಸಂಡಾಸ ಕರ್ರಗ ಆಗೋದನ್ನ ಡಾಕ್ಟರಿಗೆ ಹೇಳೀರೇನ್ರಿ ಅಂತ ನಿಮ್ಮವ್ವಗ ನಾ ಮೊದಲ ಕೇಳಿದ್ನಿ. ನನ್ನ ಮಗಳು ಎಲ್ಲಾ ಬಿಡಿಸಿ ಹೇಳ್ಯಾಳ, ಡಾಕ್ಟರ್ ಏನಿಲ್ಲ ಅಂದಾರ ಅಂದ್ರು. ಹಂಗಾದ್ರ ಗುಳಗೀದ ಇರಬೇಕು ಅಂತ ನಾ ಅಂದೆ."

ಸುಳ್ಳುಗಾರ ಅಂತ ಚೀರಿ ಬಂದೆ. ಅವನು ಸುಳ್ಳು ಹೇಳಿರಲಿಲ್ಲ. ಅವತ್ತು ಡಾಕ್ಟರ ಎದುರು ಅವ್ವ ನನ್ನ ಕೈ ಹಿಡಿದು, ಸಂಡಾಸ ಕರ್ರಗೆ, ಅಂಟಂಟು, ಹೊಲಸು ನಾತ, ಇದನ್ನೂ ಹೇಳು ಅಂದಿದ್ದಳು. ಪರದೆಯ ಆಚೆ ಬೆಂಚಿನ ಮೇಲೆ ನನ್ನ ಕಾಲೇಜಿನ ಹುಡುಗಿಯೊಬ್ಬಳು ಕೂತಿದ್ದಳು. ಅವಳಿಗೆ ಕೇಳಿಸುವ ಹಾಗೆ ಹಿಂದಿಯಲ್ಲಿ ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. "ಬಸ್, ಜಲನ್ ಹೋತಾ ಹೈ" ಅಂದೆ. ಉರಿಯುತ್ತದೆ, ಅಷ್ಟೇ. ಎಲ್ಲಾ ಹೇಳಿದಿ ಏನು ಅಂತ ಅವ್ವ ಕೇಳಿದಾಗ ಹೂಂ ಅಂದೆ.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ, ಆಮೇಲೆ ಸಿಕ್ಕಸಿಕ್ಕ ಅರಿಶಿನ-ಕುಂಕುಮದಲ್ಲೆಲ್ಲ ಅವನೇ ಕೊಂದ ಅಂತ ಸಾರಿದೆ. ಗಿರಾಕಿಗಳು ಕರಗಿದರು. ಎರಡು ವರ್ಷಕ್ಕೆ ಅಂಗಡಿ ಮುಚ್ಚಿ ಊರಿಗೆ ಹೋದ. ಮಗಳು ಎಲ್ಲಾ ಹೇಳ್ಯಾಳ ಅಂತ ಅವ್ವ ಹೇಳಿದ್ದ ಮಾತನ್ನು ಅವನು ಬೇರೆ ಯಾರ ಮುಂದೆಯೂ ಬಾಯಿಬಿಡಲಿಲ್ಲ. ಆ ಹಾಳು ದೊಡ್ಡತನ ನೆನೆದರೆ ನನಗೆ ಇನ್ನೂ ಮೈಯೆಲ್ಲ ಉರಿಯುತ್ತದೆ.

ಈಗ ನನ್ನ ಹೊಟ್ಟೆಯಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿದೆ. ಎಂಡೋಸ್ಕೋಪಿ ಮಾಡಿ, ಒಳಗಿನಿಂದ ಚೂರು ತೆಗೆದು ಪರೀಕ್ಷಿಸಿದರು. ಸಣ್ಣಂದಿನಲ್ಲಿ ಮನೆಯವರಿಂದಲೇ ಬಂದಿರಬೇಕು ಅಂದರು. ಹದಿನಾಲ್ಕು ದಿನ ಎರಡು ಬಗೆಯ ಆಂಟಿಬಯಾಟಿಕ್, ಜೊತೆಗೆ ಆಸಿಡ್ ತಗ್ಗಿಸುವ ಗುಳಿಗೆ. ಬಾಯೆಲ್ಲ ಕಹಿ, ಆದರೂ ಒಂದು ಹೊತ್ತೂ ತಪ್ಪಿಸುವ ಹಾಗಿಲ್ಲ. ಮುಗಿದ ಮೇಲೆ ಹೋಯಿತೋ ಇಲ್ಲವೋ ಅಂತ ಮತ್ತೊಮ್ಮೆ ಪರೀಕ್ಷೆ. ಇಷ್ಟೇ. ಅವ್ವನಿಗೆ ಬೇಕಾಗಿದ್ದದ್ದೂ ಇಷ್ಟೇ.

ಕಾಕಾ ತೀರಿಕೊಂಡನಂತೆ, ಹಳೇ ಬಿಲ್ಡಿಂಗಿನವರು ಫೋನ್ ಮಾಡಿ ಹೇಳಿದರು. ಅವನನ್ನು ನಾನು ಕ್ಷಮಿಸಿಲ್ಲ, ಆ ನೋವಿನ ಗುಳಿಗೆ ಕೊಟ್ಟವನು ಅವನೇ. ಆದರೆ ಕೇಳಬೇಕಾದ ಪ್ರಶ್ನೆ ಕೇಳಿದವನೂ ಅವನೊಬ್ಬನೇ... ಇನ್ನು ಬೈಸಿಕೊಳ್ಳಲಿಕ್ಕೆ ನಾನೊಬ್ಬಳೇ ಉಳಿದೆ. ಆಸ್ಪತ್ರೆಯಲ್ಲಿ ಕೊನೆಯ ಸಲ ಕಣ್ಣು ಬಿಟ್ಟಾಗ ಅವ್ವ ನರ್ಸಿಗೆ ನನ್ನ ಕಡೆ ಕೈ ತೋರಿಸಿ, "ನನ್ನ ಮಗಳಿಗೆ ಕೇಳ್ರಿ, ಅಕಿ ಎಲ್ಲಾ ಸರಿಯಾಗಿ ಹೇಳ್ತಾಳ" ಅಂದಿದ್ದಳು. ನರ್ಸಿಗೆ ಕನ್ನಡ ಬರುತ್ತಿರಲಿಲ್ಲ. ಏನಂದರು ಅಂತ ನನ್ನನ್ನು ಕೇಳಿದಳು. ಏನಿಲ್ಲ ಅಂದೆ.